ಬಳಕೆ ಕಡಿಮೆ ಆದ ಜಿಎಸ್ಎಂ ಲೈಬ್ರರಿ ನಿಲ್ಲಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕಂಕನಾಡಿ:

ನಮಸ್ಕಾರ. ಕೆಲವು ವರ್ಷಗಳ ಹಿಂದೆ ಸಿಮ್800ಎಲ್ ಎಂಬ ಜಿಎಸ್ಎಂ (ಮೊಬೈಲ್ ನೆಟ್‌ವರ್ಕ್) ಮೋಡೆಮ್ ಮಾಡ್ಯೂಲಿಗೆಂದು ಒಂದು ಸಣ್ಣ ಆರ್ಡುಯಿನೋ ಲೈಬ್ರರಿ (ಬೇರೆಯವರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹಾಕಿದ್ದೆ. ಅದರ ಕೆಲಸ ಇಷ್ಟೇ: ಎಸ್ಸೆಮ್ಮೆಸ್ ಓದುವುದು, ಮಿಸ್ಡ್ ಕಾಲ್ ಕೊಟ್ಟ ನಂಬರ್ ಗುರುತಿಸುವುದು, ರಿಲೇ ಎಂಬ ಸ್ವಿಚ್ ಆನ್ ಮಾಡುವುದು. ಅಡಿಕೆ ತೋಟದ ಪಂಪ್ ಮನೆಯಿಂದಲೇ ಚಾಲೂ ಮಾಡಲು ನಮ್ಮ ಕಡೆ ಕೆಲವರು ಬಳಸಿದ್ದರು. ಈಗ ನನ್ನ ಕೆಲಸವೇ ಬೇರೆ. ಇಶ್ಯೂ (ದೂರು, ಪ್ರಶ್ನೆ) ಯಾರೂ ಹಾಕುವುದಿಲ್ಲ, ಮೆಚ್ಚಿದವರು ಒತ್ತುವ ಸ್ಟಾರ್ ಬೆರಳೆಣಿಕೆ. ಎವಿಆರ್ ಚಿಪ್ಪಿನ ಟೈಮರ್ ರಿಜಿಸ್ಟರನ್ನು ನೇರವಾಗಿ ಮುಟ್ಟುವ ಕೋಡ್ ಇರುವುದರಿಂದ ಇಎಸ್‌ಪಿ32 ಎಂಬ ಬೇರೆ ಚಿಪ್ಪಿಗೆ ಕಂಪೈಲ್ ಕೂಡ ಆಗುವುದಿಲ್ಲ. ಡಿಲೀಟ್ ಮಾಡುವುದಾ, ಆರ್ಕೈವ್ (ಓದಲು ಮಾತ್ರ ಸಿಗುವ ಹಾಗೆ) ಮಾಡುವುದಾ, ಸುಮ್ನೆ ಹಾಗೇ ಬಿಡುವುದಾ? ಇಂಥದ್ದು ಮಾಡಿದವರಿದ್ದರೆ ಹೇಳಿ ಮಾರಾಯ್ರೆ.

ಸುರತ್ಕಲ್‌ನಿಂದ, ಫರ್ಮ್‌ವೇರ್ (ಚಿಪ್ಪಿನೊಳಗಿನ ಪ್ರೋಗ್ರಾಂ) ಕೆಲಸದವರು:

ಡಿಲೀಟ್ ಮಾತ್ರ ಬೇಡ. 2016ರ ಲೆಫ್ಟ್‌ಪ್ಯಾಡ್ ಕತೆ ಗೊತ್ತಲ್ವಾ? 11 ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜ್. ಬರೆದವರು ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದುಬಿಟ್ಟರು, ಅದನ್ನು ನಂಬಿಕೊಂಡವರ ಬಿಲ್ಡ್ (ಪ್ರೋಗ್ರಾಂ ಸಿದ್ಧಪಡಿಸುವ ಕೆಲಸ) ಎಲ್ಲೆಲ್ಲಿಯೋ ನಿಂತವು. ಅಲ್ಲಿ ಕೂಡಲೇ ಗಲಾಟೆ ಆಯಿತು, ಕೆಲವೇ ಗಂಟೆಯಲ್ಲಿ ಸರಿಯೂ ಆಯಿತು. ನಮ್ಮ ಕೆಲಸದಲ್ಲಿ ಆ ಗಲಾಟೆಯೂ ಆಗುವುದಿಲ್ಲ. ಚಿಪ್ಪಿನೊಳಗೆ ಹೋದ ಕೋಡ್ ಮತ್ತೆ ಇಂಟರ್ನೆಟ್ಟಿನ ಮುಖ ನೋಡುವುದಿಲ್ಲ. ನೀವು ಇವತ್ತು ತೆಗೆದರೆ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ. ಯಾವಾಗಲೋ ಒಂದು ದಿನ ಬೋರ್ಡ್ ಸುಟ್ಟು, ಹೊಸದಕ್ಕೆ ಅದೇ ಕೋಡ್ ಹಾಕಬೇಕು ಎಂದಾಗ ಹುಡುಕಾಟ ಶುರು.

ಅದಕ್ಕೇ ಸ್ಟಾರ್ ಲೆಕ್ಕ ನಂಬಬೇಡಿ. ನಮ್ಮವರು ಜಿಪ್ ಇಳಿಸಿ ಫೋಲ್ಡರಿಗೆ ಹಾಕಿಕೊಂಡು ಹೋಗುವವರು. ಥ್ಯಾಂಕ್ಸ್ ಹೇಳಲಿಕ್ಕೂ ವಾಪಸು ಬರುವುದಿಲ್ಲ.

ನಾನು ನೋಡುವುದು ಒಂದೇ ವಿಷಯ. ಆ ಮಾಡ್ಯೂಲ್ ಇನ್ನೂ ನಿಮ್ಮ ಮೇಜಿನ ಮೇಲೆ ಉಂಟಾ? ಸಿಮ್ ಹಾಕಿ, ಆಂಟೆನಾ ಸಿಕ್ಕಿಸಿ, ಈಗಲೇ ಒಂದು ಮೆಸೇಜ್ ಕಳಿಸಿ ನೋಡಲು ಆಗುತ್ತದಾ? ಆಗುತ್ತದೆ ಎಂದಾದರೆ ಬಳಸುವವ ಒಬ್ಬನೇ ಇದ್ದರೂ ಲೈಬ್ರರಿ ಇಟ್ಟುಕೊಳ್ಳಿ. ಇಲ್ಲ ಎಂದಾದರೆ ಸಾವಿರ ಜನ ಬಳಸಿದರೂ ನಿಲ್ಲಿಸುವುದೇ ಮೇಲು.

ನಾನು ಇಂಥದ್ದೇ ಒಂದು ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಒಬ್ಬರು ತಿದ್ದುಪಡಿ ಕಳಿಸಿದರು. ಮೋಡೆಮ್ ಆನ್ ಆದ ಮೇಲೆ 3 ಸೆಕೆಂಡ್ ಕಾಯುವ ಒಂದು ಡಿಲೇ ಸಾಲು ಇತ್ತು. "ಇದು ಸುಮ್ನೆ ಟೈಮ್ ವೇಸ್ಟ್" ಎಂದು ಅದನ್ನು ತೆಗೆದಿದ್ದರು. ಓದಿದರೆ ಅವರು ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ಬೋರ್ಡಿಗೆ ಹಾಕಿ ನೋಡಿದರೆ ಮೋಡೆಮ್ ಮೊದಲ ಎಟಿ ಕಮಾಂಡಿಗೆ (ಮೋಡೆಮಿಗೆ ಕೊಡುವ ಆದೇಶ) ಬಾಯಿಯೇ ಬಿಡಲಿಲ್ಲ. ಬೋರ್ಡ್ ಎದುರಿಗೆ ಇದ್ದದ್ದಕ್ಕೆ ಗೊತ್ತಾಯಿತು. ಮುಂದೆ ಆ ಬೋರ್ಡ್ ಕೈಬಿಟ್ಟುಹೋಯಿತು, ಲೈಬ್ರರಿಯನ್ನೂ ಅಲ್ಲಿಗೇ ನಿಲ್ಲಿಸಿದೆ.

ನಿಲ್ಲಿಸುವಾಗ ಮಾಡಿದ್ದು ಹೇಳುತ್ತೇನೆ. ಕೊನೆಯ ಒಂದು ಬಿಡುಗಡೆ ಮಾಡಿದೆ, ಕೋಡ್ ಬದಲಿಸಲಿಲ್ಲ. ಯಾವ ಚಿಪ್, ಐಡಿಇಯ (ಕೋಡ್ ಬರೆದು ಚಿಪ್ಪಿಗೆ ಹಾಕುವ ಸಾಫ್ಟ್‌ವೇರ್) ಯಾವ ಆವೃತ್ತಿ, ಮೋಡೆಮಿನ ಯಾವ ಫರ್ಮ್‌ವೇರಿನಲ್ಲಿ ಕೊನೆಗೆ ಓಡಿಸಿ ನೋಡಿದ್ದು ಎಂದು ರೀಡ್‌ಮಿಯಲ್ಲಿ (ಲೈಬ್ರರಿ ಜೊತೆಗಿನ ವಿವರಣೆ ಫೈಲ್) ಬರೆದೆ. ಕೆಲವರು ಹೆಡರ್ ಫೈಲಿನಲ್ಲಿ ವಾರ್ನಿಂಗ್ ಹಾಕುತ್ತಾರೆ. ಅದು ಬೇಡ. ವಾರ್ನಿಂಗನ್ನೆಲ್ಲ ಎರರ್ ಎಂದು ಪರಿಗಣಿಸುವ ಸೆಟ್ಟಿಂಗ್ ಇಟ್ಟುಕೊಂಡವರ ಬಿಲ್ಡ್ ಅಲ್ಲೇ ಒಡೆಯುತ್ತದೆ. ಹಾಕಲೇಬೇಕು ಎಂದರೆ ಪ್ರಾಗ್ಮಾ ಮೆಸೇಜ್ ಎಂಬ ಸಾಲು ಹಾಕಿ, ಜಿಸಿಸಿ ಕಂಪೈಲರ್ ಅದನ್ನು ಬರೀ ಸೂಚನೆಯಾಗಿ ತೋರಿಸುತ್ತದೆ. ಲೈಸೆನ್ಸ್ ಫೈಲ್ ಉಂಟಾ ನೋಡಿ. ಅದಿಲ್ಲದಿದ್ದರೆ ಮುಂದೆ ಬೇರೆಯವರು ಕಾನೂನು ಪ್ರಕಾರ ನಿಮ್ಮ ಕೋಡ್ ಮುಂದುವರಿಸುವ ಹಾಗಿಲ್ಲ. ಇದೆಲ್ಲ ಆದ ಮೇಲೆ ಆರ್ಕೈವ್ ಒತ್ತಿ. ಒಮ್ಮೆ ಒತ್ತಿದರೆ ಇಶ್ಯೂಗಳಿಗೂ ಬೀಗ ಬೀಳುತ್ತದೆ, ಉತ್ತರ ಬರೆಯಲು ಆಗುವುದಿಲ್ಲ. ಬೇಕೆಂದರೆ ಆರ್ಕೈವ್ ತೆಗೆಯಲೂಬಹುದು, ಹೆದರಬೇಡಿ.

ಗಡುವು ಎಷ್ಟು ಕೊಡಬೇಕು ಅಂದರೆ, ಆರ್ಮ್ ಕಂಪನಿ ಸಣ್ಣ ಚಿಪ್ಪುಗಳ ಆಪರೇಟಿಂಗ್ ಸಿಸ್ಟಂ ಆದ ಎಂಬೆಡ್ ಓಎಸ್ ನಿಲ್ಲಿಸುವುದಾಗಿ 2024ರ ಜುಲೈಯಲ್ಲಿ ಹೇಳಿತು, ಕೊಟ್ಟ ಗಡುವು 2026ರ ಜುಲೈ. ನಮಗೆ ಅಷ್ಟು ಬೇಕಾಗಿಲ್ಲ. ಆದರೆ ಒಂದು ಬೇಸಿಗೆ ದಾಟಲಿ. ಮಳೆಗಾಲದಲ್ಲಿ ತೋಟದ ಪಂಪ್ ಯಾರೂ ಓಡಿಸುವುದಿಲ್ಲ. ಜೂನ್‌ನಲ್ಲಿ ನೋಟಿಸ್ ಹಾಕಿ ಸೆಪ್ಟೆಂಬರ್‌ನಲ್ಲಿ ಮುಚ್ಚಿದರೆ, ತೊಂದರೆ ಇರುವವರಿಗೆ ತೊಂದರೆ ಉಂಟು ಎಂದೇ ಗೊತ್ತಾಗಿರುವುದಿಲ್ಲ.

ಮೂಡುಬಿದಿರೆಯಿಂದ, ಸ್ಟಾರ್ಟರ್ ಪ್ಯಾನೆಲ್ ರಿಪೇರಿ ಮಾಡುವವರು:

ನಾನು ಕೋಡ್ ಬರೆಯುವವನಲ್ಲ, ಹಾಕುವವನು. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಸಿಡಿಲು ಹೊಡೆಯಿತೆಂದರೆ ನನ್ನ ಅಂಗಡಿ ತುಂಬ ಇಂಥ ಬೋರ್ಡುಗಳೇ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೋ ದುಬೈಗೋ ಹೋಗಿರುತ್ತಾನೆ. ಚಿಪ್ ಬದಲಿಸಿ ಕೋಡ್ ಹಾಕುವ ಎಂದರೆ ಕೋಡ್ ಇಲ್ಲ. ಸುರತ್ಕಲ್‌ನವರು ಹೇಳಿದ್ದು ನೂರಕ್ಕೆ ನೂರು ಸರಿ, ಡಿಲೀಟ್ ಮಾಡಬೇಡಿ.

ಮತ್ತೊಂದು ಮಾತು ರೀಡ್‌ಮಿಯಲ್ಲಿ ಸೇರಿಸಿ. ಸಿಮ್800ಎಲ್‌ಗೆ ಬೇಕಾದದ್ದು 3.4ರಿಂದ 4.4 ವೋಲ್ಟ್. ನೆಟ್‌ವರ್ಕಿಗೆ ಸಿಗ್ನಲ್ ಕಳಿಸುವ ಕ್ಷಣದಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಸಪ್ಲೈ ಸೊರಗಿದರೆ ಮಾಡ್ಯೂಲ್ ಮತ್ತೆ ಮತ್ತೆ ರೀಸೆಟ್. ಎಲ್ಲರೂ ಬೈಯುವುದು ಲೈಬ್ರರಿಗೆ. ನಾನು ಮಾಡ್ಯೂಲಿನ ಕಾಲಿನ ಹತ್ತಿರವೇ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸುತ್ತೇನೆ, ಅರ್ಧ ಕಂಪ್ಲೇಂಟ್ ಅಲ್ಲಿಗೇ ಮುಗಿಯುತ್ತದೆ. ನೀವು ಹೋದ ಮೇಲೆ ಇದನ್ನು ಹೇಳುವವರು ಯಾರು?

ಮಾಡ್ಯೂಲ್ ಬರೀ 2ಜಿ ಎಂದೂ ದೊಡ್ಡದಾಗಿ ಬರೆಯಿರಿ. ಜಿಯೋಗೆ 2ಜಿ ಇಲ್ಲ. ಜಿಯೋ ಸಿಮ್ ಹಾಕಿ "ಟವರ್ ಬರುವುದಿಲ್ಲ" ಎಂದು ತರುವವರು ಈಗಲೂ ಇದ್ದಾರೆ.

ಮಣಿಪಾಲದಿಂದ, ಕಾಲೇಜು ಲ್ಯಾಬಿನವರು:

"ಸುಮ್ನೆ ಹಾಗೇ ಬಿಡುವುದು" ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಪ್ರಾಜೆಕ್ಟ್ ಮಾಡುವ ಮಕ್ಕಳು ಹುಡುಕುತ್ತಾ ಬರುತ್ತಾರೆ, ಪೇಜ್ ನೋಡಿದರೆ ಜೀವ ಉಂಟು ಅನ್ನಿಸುತ್ತದೆ. ಇಎಸ್‌ಪಿ32 ಕೊಂಡು, ಪ್ರಶ್ನೆ ಕೇಳಿ, ವೈವಾ ಬರುವ ತನಕ ಉತ್ತರಕ್ಕೆ ಕಾಯುತ್ತಾರೆ. ಮೊದಲ ಸಾಲಿನಲ್ಲೇ "ಇದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ, ಹೊಸ ಕೆಲಸಕ್ಕೆ ಬಳಸಬೇಡಿ" ಎಂದು ಹಾಕಿಬಿಡಿ. ಕನ್ನಡದಲ್ಲೂ ಹಾಕಿ. ಬದಲಿಗೆ ಏನು ಎಂದೂ ತಿಳಿಸಿ. ಟೈನಿಜಿಎಸ್ಎಂ ಲೈಬ್ರರಿ ಸಿಮ್800ಕ್ಕೂ ಆಗುತ್ತದೆ, 4ಜಿಯ ಸಿಮ್7600ಕ್ಕೂ ಆಗುತ್ತದೆ. ಎಸ್ಸೆಮ್ಮೆಸ್ಸಿನ ಎಟಿ ಕಮಾಂಡುಗಳಿಗೆ ಮೊಬೈಲ್ ತಂತ್ರಜ್ಞಾನದ ಮಾನದಂಡ ಮಾಡುವ 3ಜಿಪಿಪಿಯ ಸ್ಟಾಂಡರ್ಡ್ ಇರುವುದರಿಂದ ಮೋಡೆಮ್ ಬದಲಾದರೂ ಅವು ಹೆಚ್ಚುಕಡಿಮೆ ಹಾಗೇ ಇರುತ್ತವೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಮೇಜಿನ ಮೇಲೆ ಬೋರ್ಡ್ ಇಲ್ಲ, ಹಾಗಾಗಿ ನಿಲ್ಲಿಸುವುದು ಎಂದಾಯಿತು. ಒಂದು ಸಂಶಯ. ಪರಿಚಯ ಇಲ್ಲದವರೊಬ್ಬರು "ನಾನು ನೋಡಿಕೊಳ್ಳುತ್ತೇನೆ, ನನಗೆ ಕೊಡಿ" ಎಂದು ಮೇಲ್ ಮಾಡಿದ್ದಾರೆ. ಕೊಡಬಹುದಾ?

ಸುರತ್ಕಲ್‌ನಿಂದ:

ಬೇಡ ಎನ್ನುವುದು ನನ್ನ ಅಭಿಪ್ರಾಯ. ಅವರು ಒಳ್ಳೆಯವರೇ ಇರಬಹುದು. ಆದರೆ 2018ರಲ್ಲಿ ಈವೆಂಟ್‌ಸ್ಟ್ರೀಮ್ ಎಂಬ ಪ್ಯಾಕೇಜನ್ನು ಬರೆದವರು ಹೀಗೇ ಕೇಳಿದವರಿಗೆ ಕೊಟ್ಟರು. ಆ ಪುಣ್ಯಾತ್ಮ ಅದರೊಳಗೆ ಬಿಟ್‌ಕಾಯಿನ್ ವಾಲೆಟ್ ಕದಿಯುವ ಕೋಡ್ ತುರುಕಿದ. ನಿಮ್ಮದರಲ್ಲಿ ವಾಲೆಟ್ ಇಲ್ಲ, ಆದರೆ ಮೋಟಾರ್ ಚಾಲೂ ಮಾಡುವ ರಿಲೇ ಉಂಟು. ಯಾರ ನಂಬರಿಗೆ ಅದು ಆನ್ ಆಗಬೇಕು ಎಂದು ತೀರ್ಮಾನ ಮಾಡುವುದು ನಿಮ್ಮ ಕೋಡೇ. ಆವೃತ್ತಿ ನಮೂದಿಸದೆ ಬಳಸುವವರಿಗೆ ಮುಂದಿನ ಬಿಲ್ಡ್‌ನಲ್ಲಿ ಹೊಸ ಯಜಮಾನನ ಕೋಡ್ ತಾನಾಗಿಯೇ ಬಂದುಬಿಡುತ್ತದೆ.

ಫೋರ್ಕ್ ಮಾಡಿಕೊಳ್ಳಿ (ತಮ್ಮದೇ ಪ್ರತಿ ಮಾಡಿಕೊಳ್ಳಿ) ಎಂದು ಹೇಳಿ. ಬೇರೆ ಹೆಸರು ಇಟ್ಟುಕೊಳ್ಳಲಿ, ಕೆಲಸ ಮಾಡಿ ತೋರಿಸಲಿ. ಚೆನ್ನಾಗಿ ಬಂದರೆ ಆಗ ನಿಮ್ಮ ಪೇಜಿನಲ್ಲಿ ಅದರ ಲಿಂಕ್ ಹಾಕಿ. ಅದಕ್ಕೆ ಆರ್ಕೈವ್ ತೆಗೆದು ಮತ್ತೆ ಹಾಕಬೇಕಾದೀತು, ಐದು ನಿಮಿಷದ ಕೆಲಸ.

ಮೂಡುಬಿದಿರೆಯಿಂದ:

ಆಗ ಬರೆಯಲು ಬಿಟ್ಟುಹೋಯಿತು. ಸೋರ್ಸ್ ಕೋಡ್ ಜೊತೆಗೆ ಎಟಿಮೆಗಾ328ಪಿ ಚಿಪ್ಪಿಗೆ ಕಂಪೈಲ್ ಮಾಡಿದ ಹೆಕ್ಸ್ ಫೈಲನ್ನೂ (ನೇರ ಚಿಪ್ಪಿಗೆ ಹಾಕುವ ಫೈಲ್) ಕೊನೆಯ ಬಿಡುಗಡೆಯಲ್ಲಿ ಹಾಕಿ. ಚಿಪ್ಪಿನ ಫ್ಯೂಸ್ ಸೆಟ್ಟಿಂಗ್ (ಚಿಪ್ಪಿನ ಮೂಲ ಹೊಂದಿಕೆ) ಯಾವುದು, ಕ್ರಿಸ್ಟಲ್ 16 ಮೆಗಾಹರ್ಟ್ಸಾ 8 ಮೆಗಾಹರ್ಟ್ಸಾ, ಅದೂ ಬೇಕು. ನಂಬರನ್ನು ಮೆಸೇಜ್ ಕಳಿಸಿ ಸೇವ್ ಮಾಡುವ ಹಾಗೆ ಒಂದು ಉದಾಹರಣೆ ಪ್ರೋಗ್ರಾಂ ಮಾಡಿ ಅದರದ್ದೇ ಹೆಕ್ಸ್ ಕೊಟ್ಟರೆ ನನ್ನಂಥವರಿಗೆ ಐಡಿಇ ಕೂಡ ಬೇಡ.