ಶೆಲ್‌ನ ‘ಎಕ್ಸ್‌ಪೋರ್ಟ್’ಗೆ ‘ರಫ್ತು’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಶೆಲ್ (ಟರ್ಮಿನಲ್‌ನಲ್ಲಿ ಕೊಟ್ಟ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ) ಸ್ಕ್ರಿಪ್ಟ್ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ವೇರಿಯಬಲ್’ಗೆ ‘ಚರ’ ಸಾಕು, ಗಣಿತದಲ್ಲಿ ಓದಿದ್ದೇ. ಚರವನ್ನು ಬೇರೆ ಪ್ರೋಗ್ರಾಂಗಳಿಗೂ ಸಿಗುವಂತೆ ಮಾಡುವ ಕಮಾಂಡ್ ‘ಎಕ್ಸ್‌ಪೋರ್ಟ್’ ಬಂದಾಗ ಪೆನ್ನು ನಿಂತಿತು. ನಿಘಂಟಿನಲ್ಲಿ ಸಿಗುವುದು ‘ರಫ್ತು’. ಪಾರ್ಸಿಯ ‘ಹೋಗು’ ಅನ್ನುವ ಪದದಿಂದ ಬಂದದ್ದು. ರಫ್ತಾದ ಸರಕು ಇಲ್ಲಿ ಉಳಿಯುವುದಿಲ್ಲ. ಶೆಲ್‌ನಲ್ಲಿ ಹಾಗಲ್ಲ. ಚರದ ಬೆಲೆ ಇದ್ದಲ್ಲೇ ಇರುತ್ತದೆ. ಆಮೇಲೆ ಆ ಶೆಲ್ ಶುರುಮಾಡುವ ಪ್ರತಿ ಪ್ರೋಗ್ರಾಂಗೂ ಅದರ ಒಂದು ನಕಲು ಸಿಗುತ್ತದೆ, ಅಷ್ಟೆ. ಹಾಗೆ ಶುರುವಾದ ಪ್ರೋಗ್ರಾಂ ಮಗು, ಶುರುಮಾಡಿದ ಶೆಲ್ ತಾಯಿ ಅಂದುಕೊಳ್ಳಿ: ಮಗು ತನ್ನ ನಕಲನ್ನು ತಿದ್ದಿಕೊಂಡರೆ ತಾಯಿಗೆ ಗೊತ್ತೂ ಆಗುವುದಿಲ್ಲ.

ಕಲಿಯುವವರು ಜಾಸ್ತಿ ಎಡವುವುದೂ ಇಲ್ಲೇ. ಸ್ಕ್ರಿಪ್ಟ್ ಸಾಮಾನ್ಯವಾಗಿ ಬೇರೆಯೇ ಮಗು ಶೆಲ್‌ನಲ್ಲಿ ಓಡುತ್ತದೆ. ಅದರ ಒಳಗೆ ಎಕ್ಸ್‌ಪೋರ್ಟ್ ಮಾಡುತ್ತಾರೆ. ಅದು ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಎಕೋ (ಬೆಲೆಯನ್ನು ತೋರಿಸುವ ಕಮಾಂಡ್) ಕೊಟ್ಟು ನೋಡಿದರೆ ಖಾಲಿ ಸಾಲು. ‘ಹೊರಗೆ ಕಳಿಸಿದ್ದೆನಲ್ಲ?’ ಅನ್ನುತ್ತಾರೆ. ಆ ಸ್ಕ್ರಿಪ್ಟನ್ನು ‘ಸೋರ್ಸ್’ ಮಾಡಿದ್ದರೆ ಅದೇ ಶೆಲ್‌ನಲ್ಲಿ ಓಡಿ ಬೆಲೆ ಉಳಿಯುತ್ತಿತ್ತು. ರಫ್ತು ಅಂತ ಬರೆದರೆ ಆ ತಪ್ಪು ತಿಳಿವಳಿಕೆಗೆ ನಾವೇ ನೀರೆರೆದ ಹಾಗೆ, ಅಲ್ವಾ?

ನನಗೆ ಹೊಳೆದದ್ದು ‘ಬಳುವಳಿ’. ಹೆತ್ತವರಿಂದ ಮಕ್ಕಳಿಗೆ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಕೊಟ್ಟ ಒಡವೆ ತವರಿನಲ್ಲಿ ಉಳಿಯುವುದಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಆದರೆ ‘ಅಪ್ಪನ ಮೂಗು ಮಗಳಿಗೆ ಬಳುವಳಿಯಾಗಿ ಬಂದಿದೆ’ ಅಂದಾಗ ಅಪ್ಪನ ಮೂಗು ಅಪ್ಪನಿಗೇ ಇದೆ. ನನಗೆ ಬೇಕಾದ ಅರ್ಥ ಇದೇ. ಇನ್ನೊಂದು ಸೂಕ್ಷ್ಮ: ಒಮ್ಮೆ ಎಕ್ಸ್‌ಪೋರ್ಟ್ ಮಾಡಿದ ಚರದ ಬೆಲೆಯನ್ನು ಬದಲಿಸಿದರೆ, ಮುಂದೆ ಹುಟ್ಟುವ ಮಕ್ಕಳಿಗೆ ಹೊಸ ಬೆಲೆಯೇ ಸಿಗುತ್ತದೆ. ಈಗಾಗಲೇ ಓಡುತ್ತಿರುವವಕ್ಕೆ ಹಳೆಯದೇ. ಅಂದರೆ ಎಕ್ಸ್‌ಪೋರ್ಟ್ ಅನ್ನುವುದು ಸಾಗಿಸುವ ಕೆಲಸಕ್ಕಿಂತ ಚರಕ್ಕೆ ಹಾಕುವ ಗುರುತು.

‘ಡೈನಮಿಕ್’ ಕೂಡ ಕಾಡುತ್ತಿದೆ. ಕೆಲವೊಮ್ಮೆ ಚರದ ಹೆಸರೇ ಇನ್ನೊಂದು ಚರದಲ್ಲಿರುತ್ತದೆ. ‘$ಹೆಸರು=10’ ಅಂತ ಸುಮ್ನೆ ಬರೆದರೆ ಶೆಲ್ ಅದನ್ನು ಕಮಾಂಡ್ ಅಂದುಕೊಂಡು ‘ಸಿಗಲಿಲ್ಲ’ ಅನ್ನುತ್ತದೆ. ‘ಎಕ್ಸ್‌ಪೋರ್ಟ್ "$ಹೆಸರು=10"’ ಅಂದರೆ ನಡೆಯುತ್ತದೆ. ಡಾಲರ್ ಗುರುತಿನ ಜಾಗಕ್ಕೆ ನಿಜವಾದ ಹೆಸರು ಬಂದು ಕೂತ ಮೇಲೆ ಅದು ಎಕ್ಸ್‌ಪೋರ್ಟ್‌ನ ಕೈಗೆ ಸಿಗುತ್ತದೆ. ‘ಕ್ರಿಯಾತ್ಮಕ’, ‘ಚಲನಶೀಲ’ ಎರಡೂ ಇದನ್ನು ಹೇಳುವುದಿಲ್ಲ. ಸದ್ಯಕ್ಕೆ ‘ಓಡುವಾಗ ಕಟ್ಟಿದ ಹೆಸರು’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಓದಿದ ಕೂಡಲೇ ತಿಳಿಯುತ್ತದೆ.

ಈಗ ಉಳಿದದ್ದು ಕ್ರಿಯಾಪದ. ‘ಬಳುವಳಿ ಕೊಡು’ ಅನ್ನಬೇಕೋ, ‘ಬಳುವಳಿಗೆ ಗುರುತಿಸು’ ಅನ್ನಬೇಕೋ? ನೀವು ದಿನಾ ಬಳಸುವ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.