ಲಿಂಗನಮಕ್ಕಿ ಹಿನ್ನೀರಲ್ಲಿ ಸಣ್ಣ ದೋಣಿ: ಹೋಗಿ ಬಂದವರು ಏನಂತೀರಿ?

ಕೇಳಿದವರು: ಜನವರಿಯಲ್ಲಿ ಮೂವರು, ಹದಿನಾಲ್ಕು ಅಡಿ ದೋಣಿಯ ಹಿಂಬದಿಗೆ ಸಣ್ಣ ಔಟ್‌ಬೋರ್ಡ್ ಇಂಜಿನ್ ಹಾಕಿಕೊಂಡು ಶರಾವತಿ ಹಿನ್ನೀರು ಸುತ್ತಬೇಕು ಅಂತಿದ್ದೀವಿ. ಅನುಮತಿಗೆ ಓಡಾಟ ನಡೀತಿದೆ. ಮೂವರಿಗೂ ಈಜು ಬರುತ್ತೆ. ಇನ್ನೇನು ನೋಡ್ಕೋಬೇಕು?

ಸಾಗರದವರು: ಬೊಡ್ಡೆ! ಉಳಿದದ್ದೆಲ್ಲ ಆಮೇಲೆ. 1964ರಲ್ಲಿ ಅಣೆಕಟ್ಟೆ ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರೊಳಗೆ ನಿಂತೇ ಇವೆ. ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಮುಗಿದ ಮೇಲೆ, ಕರೆಂಟಿಗೆ ನೀರು ಬಿಟ್ಟ ಹಾಗೆಲ್ಲ ಇಳೀತಾ ಹೋಗುತ್ತೆ. ಬೇಸಿಗೆಯಲ್ಲಿ ಹಿರೇಭಾಸ್ಕರದ ಹಳೇ ಅಣೆಕಟ್ಟೆಯೇ ಎದ್ದು ಕಾಣುತ್ತೆ ಅಂದ್ಮೇಲೆ ಬೊಡ್ಡೆ ಯಾವ ಲೆಕ್ಕ. ಕಾಣೋ ಬೊಡ್ಡೆಯಿಂದ ತೊಂದರೆ ಇಲ್ಲ, ಗೇಣು ಕೆಳಗಿರೋದೇ ಕಂಟಕ. ನವೆಂಬರಲ್ಲಿ ಆರಾಮಾಗಿ ದಾಟಿದ ಜಾಗದಲ್ಲೇ ಫೆಬ್ರವರಿಯಲ್ಲಿ ನನ್ನ ಪ್ರೊಪೆಲ್ಲರ್ ಬಡಿದು ಶಿಯರ್ ಪಿನ್ (ಪ್ರೊಪೆಲ್ಲರನ್ನ ತಿರುಗಿಸೋ, ಪೆಟ್ಟು ಬಿದ್ರೆ ಇಂಜಿನ್ ಉಳಿಸೋಕೆ ತಾನೇ ಮುರಿಯೋ ಪಿನ್) ತುಂಡಾಯ್ತು. ಜಿಪಿಎಸ್‌ನಲ್ಲಿ ಹಳೇ ದಾರಿ ಇಟ್ಕೊಂಡು ಹೊರಟಿದ್ದೆ, ಭಾರೀ ಬುದ್ಧಿವಂತ! ಹೆಚ್ಚುವರಿ ಪಿನ್ ಇತ್ತು, ಹಾಕೋಕೆ ಬೇಕಾದ ಇಕ್ಕಳ ಮನೇಲಿತ್ತು. ಎರಡು ತಾಸು ಹುಟ್ಟು ಹಾಕಿದೆವು. ಹೊರಡೋ ದಿನ ನೀರಿನ ಮಟ್ಟ ಕೇಳಿ. ದಡದ ಹತ್ತಿರ ನಿಧಾನ ಮಾಡಿ, ಒಬ್ಬರು ಮುಂದೆ ಕೂತು ನೀರನ್ನೇ ನೋಡ್ತಿರಲಿ. ಬಿಸಿಲು ಎದುರಿಗಿದ್ದರೆ ಅದೂ ಕಾಣಲ್ಲ.

ಕಯಾಕ್‌ನವರು: ಗಾಳಿ ಮರೆತ್ರಿ. ಬೆಳಿಗ್ಗೆ ಎಣ್ಣೆ ಹೊಯ್ದ ಹಾಗಿರೋ ನೀರು ಮಧ್ಯಾಹ್ನ ಬೇರೆಯೇ ಆಗಿರುತ್ತೆ. ಅಗಲದ ಕಡೆ ದಾಟೋದನ್ನ ಹನ್ನೊಂದರೊಳಗೆ ಮುಗಿಸಿ. ಸಿಕ್ಕಿಬಿದ್ರೆ ನಡುಗಡ್ಡೆ ಮರೆಗೆ ಹೋಗಿ ಕಾಯಿರಿ. ಅಲೆಗೆ ಪಕ್ಕೆ ಕೊಡಬೇಡಿ, ದೋಣಿ ಮೂತಿ ಓರೆಯಾಗಿ ಕೊಡಿ, ಎಲ್ಲರೂ ತಳಕ್ಕೆ ಕೂತುಬಿಡಿ. ಈಜು ಬರುತ್ತೆ ಅಂದ್ರಲ್ಲ, ಭಯ ಆಗೋದು ಅದಕ್ಕೇ. ಮಗುಚಿದರೆ ದೋಣಿ ಹಿಡ್ಕೊಂಡೇ ಇರಿ. ದಡ ಇಲ್ಲೇ ಅನ್ಸುತ್ತೆ, ನೀರಲ್ಲಿದ್ದಾಗ ದೂರ ತಿಳಿಯಲ್ಲ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನಡಿ ಅಲ್ಲ.

ತುಮರಿಯವರು: 2025ರಲ್ಲಿ ಸೇತುವೆ ಆಗೋವರೆಗೆ ಅಂಬಾರಗೋಡ್ಲಿನ ಲಾಂಚಲ್ಲೇ ಓಡಾಡಿದವರು ನಾವು. ಮೀನಿನ ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ ಅಂತ ಹಿಡಿಯೋರನ್ನೇ ಕೇಳಿ, ಬೊಡ್ಡೆ ಇರೋ ಜಾಗವನ್ನೂ ಅವರೇ ಹೇಳ್ತಾರೆ. ಪೆಟ್ರೋಲು ಮೂರು ಪಾಲು ಮಾಡಿ: ಹೋಗೋಕೊಂದು, ಬರೋಕೊಂದು, ಇನ್ನೊಂದು ಮುಟ್ಟಬೇಡಿ. ಫೋನ್ ಸಿಗ್ನಲ್ ನಂಬ್ಕೋಬೇಡಿ. ಎಷ್ಟೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಹೇಳಿಯೇ ಹೊರಡಿ. ಕತ್ತಲಾದ್ರೆ ನಡುಗಡ್ಡೆಗಳೆಲ್ಲ ಒಂದೇ ಥರ, ನಮಗೂ ಗುರುತು ತಪ್ಪುತ್ತೆ.

ಕೇಳಿದವರು: ಇಕ್ಕಳ ಬರ್ಕೊಂಡೆ. ಜಾಕೆಟ್ ಎರಡೇ ಇದೆ, ಇನ್ನೊಂದು ತಗೊಂಡೇ ಹೊರಡ್ತೀವಿ.