‘ಈ ಅಕ್ಷರಗಳಿರುವ ಪದ’ ಎಂದರೆ ಯಾವ ಪದ?

ಎನ್, ಜಿ, ಎಸ್, ಟಿ ಎಂಬ ನಾಲ್ಕು ಅಕ್ಷರಗಳಿರುವ ಇಂಗ್ಲಿಷ್ ಪದಗಳನ್ನು ತಿಳಿಸಿ ಎಂದು ಯಾರಾದರೂ ಕೇಳಿದರೆ ಒಬ್ಬರು ಗ್ಯಾಂಗ್‌ಸ್ಟರ್ ಎನ್ನಬಹುದು, ಇನ್ನೊಬ್ಬರು ಲಾಂಗೆಸ್ಟ್ ಎನ್ನಬಹುದು, ಮತ್ತೊಬ್ಬರು ಸ್ಟ್ರಾಂಗ್ ಎನ್ನಬಹುದು. ಮೂರೂ ಸರಿಯೇ, ಆದರೆ ಅವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಗ್ಯಾಂಗ್‌ಸ್ಟರ್ ಪದದಲ್ಲಿ ಆ ನಾಲ್ಕೂ ಅದೇ ಕ್ರಮದಲ್ಲಿ, ನಡುವೆ ಬೇರೆ ಅಕ್ಷರ ನುಸುಳದಂತೆ, ಒತ್ತಾಗಿ ಬಂದಿವೆ. ಲಾಂಗೆಸ್ಟ್ ಪದದಲ್ಲಿ ಕ್ರಮ ಉಳಿದಿದೆಯಾದರೂ ಜಿ ಮತ್ತು ಎಸ್ ನಡುವೆ ಇ ಸೇರಿಕೊಂಡಿದೆ. ಸ್ಟ್ರಾಂಗ್ ಪದದಲ್ಲಿ ನಾಲ್ಕೂ ಇವೆ, ಕ್ರಮವಿಲ್ಲ. ‘ಇರುವ’ ಅಥವಾ ‘ಒಳಗೊಂಡ’ ಎಂಬ ಮಾತು ಈ ಮೂರು ಅರ್ಥಗಳಿಗೂ ಒಪ್ಪುವುದರಿಂದ, ಕೇಳುವವರು ತಮಗೆ ಬೇಕಾದದ್ದು ಇವುಗಳಲ್ಲಿ ಯಾವುದೆಂದು ಮೊದಲೇ ಹೇಳಿದರೆ ಉತ್ತರಿಸುವವರ ಶ್ರಮ ವ್ಯರ್ಥವಾಗುವುದಿಲ್ಲ.

ಕೊಟ್ಟ ಅಕ್ಷರಗಳ ಹೊರತು ಬೇರೇನೂ ಇರಬಾರದೆ, ಅದೇ ಅಕ್ಷರ ಎರಡನೆಯ ಸಲ ಬರಬಹುದೆ ಎಂಬುದನ್ನೂ ಹೇಳಬೇಕು. ಕೊಟ್ಟಷ್ಟನ್ನೇ, ಒಂದನ್ನೂ ಬಿಡದೆ ಬಳಸುವುದಾದರೆ ಅದು ಅನಾಗ್ರಾಂ. ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ಪದಗಳ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿದರೆ ನಾಲ್ಕಕ್ಕೂ ಇ, ಐ, ಎಲ್, ಎನ್, ಎಸ್, ಟಿ ಎಂಬ ಒಂದೇ ಸಾಲು ಸಿಗುತ್ತದೆ. ಅನಾಗ್ರಾಂ ಹುಡುಕುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಆದರೆ ಹೆಚ್ಚಿನ ಅಕ್ಷರಗಳಿಗೆ ಅವಕಾಶವಿದ್ದಾಗ ಈ ಉಪಾಯ ನೇರವಾಗಿ ನಡೆಯದು, ಏಕೆಂದರೆ ಹೊಸ ಅಕ್ಷರಗಳು ಜೋಡಿಸಿದ ಸಾಲಿನ ನಡುವೆ ಎಲ್ಲಿ ಬೇಕಾದರೂ ಬಂದು ಕೂರುತ್ತವೆ.

ಕನ್ನಡದಲ್ಲಿ ಓದಿ ಬರೆಯುವ ನಮಗೆ ಇನ್ನೊಂದು ತೊಡಕಿದೆ, ಮತ್ತು ಅದು ಚಿಕ್ಕದೇನಲ್ಲ. ನಮ್ಮ ಲಿಪಿ ಕೇಳಿದ್ದನ್ನು ಬರೆಯುತ್ತದೆ, ಇಂಗ್ಲಿಷಿನ ಕಾಗುಣಿತ ಹಾಗಲ್ಲ. ಕೆ ಅಕ್ಷರವಿರುವ ಪದ ಬೇಕೆಂದಾಗ ಮನಸ್ಸು ಕಕಾರದ ಧ್ವನಿಯನ್ನು ಹುಡುಕಿಕೊಂಡು ಹೋಗುತ್ತದೆ. ಕ್ಯಾರೆಕ್ಟರ್ ಎಂಬಲ್ಲಿ ಕಕಾರ ಎರಡು ಸಲ ಕೇಳಿಸಿದರೂ ಕೆ ಒಂದೂ ಇಲ್ಲ; ನೈಫ್, ನಾಲೆಡ್ಜ್ ಪದಗಳಲ್ಲಿ ಕೆ ಮೊದಲಿಗೇ ಇದ್ದರೂ ಕೇಳಿಸುವುದಿಲ್ಲ. ಆದ್ದರಿಂದ ಇಂಥ ಹುಡುಕಾಟದಲ್ಲಿ ಕಿವಿಯನ್ನು ಬದಿಗಿಟ್ಟು ಕಣ್ಣನ್ನು ನಂಬಬೇಕು.

ನೆನಪಿನಿಂದಲೇ ಹುಡುಕುವವರು ಅಪರೂಪದ ಅಕ್ಷರದಿಂದ ತೊಡಗುವುದು ಲೇಸು. ಇ, ಎಕ್ಸ್, ಕ್ಯೂ ಮೂರೂ ಬೇಕಿದ್ದರೆ ಇ ಇರುವ ಪದಗಳನ್ನು ನೆನೆಯುವುದರಿಂದ ಪ್ರಯೋಜನವಿಲ್ಲ. ಕ್ಯೂ ಹಿಡಿದು ಹೊರಟರೆ ಎಕ್ಸ್‌ಕ್ವಿಸಿಟ್, ಎಕ್ಸ್‌ಚೆಕರ್ ಬೇಗ ಸಿಗುತ್ತವೆ. ಗಣಕದಲ್ಲಾದರೆ 1973ರಲ್ಲಿ ಕೆನ್ ಥಾಂಪ್ಸನ್ ಅವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಬರೆದ ಗ್ರೆಪ್ ಎಂಬ ಆಜ್ಞೆಯಿಂದ ಪದಪಟ್ಟಿಯನ್ನು ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಸೋಸುತ್ತ ಹೋದರೆ ಸಾಕು. ಆದರೆ ಪಟ್ಟಿ ಯಾವುದೆಂಬುದನ್ನು ಗಮನಿಸಲೇಬೇಕು. ಹಲವು ಗಣಕಗಳಲ್ಲಿ ಜೊತೆಗೇ ಬರುವ ಪಟ್ಟಿಯು 1934ರ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿಯಿಂದ ತೆಗೆದದ್ದು. ಅದರಲ್ಲಿ 2,30,000ಕ್ಕೂ ಹೆಚ್ಚು ಪದಗಳಿದ್ದರೂ ಬಹುವಚನದ ರೂಪಗಳು ಹೆಚ್ಚಾಗಿ ಇಲ್ಲ, ಆಮೇಲೆ ಹುಟ್ಟಿದ ಪದಗಳಂತೂ ಇರಲಾರವು.

ಕಾಗುಣಿತದ ಭೇದವೂ ಉತ್ತರವನ್ನು ಬದಲಿಸುತ್ತದೆ. ಎ, ಇ, ಐ, ಓ, ಯು ಐದೂ ಒಂದೊಂದೇ ಸಲ ಬರಬೇಕು, ಕ್ರಮ ಹೇಗಿದ್ದರೂ ಆದೀತು ಎಂದರೆ ಎಜುಕೇಶನ್, ಈಕ್ವೇಶನ್, ಕಾಲಿಫ್ಲವರ್ ಹೀಗೆ ಪದಗಳಿಗೆ ಬರವಿಲ್ಲ. ಬಿಹೇವಿಯರ್, ಫೇವರಿಟ್ ಪದಗಳು ಬ್ರಿಟಿಷ್ ಕಾಗುಣಿತದಲ್ಲಿ ಈ ಗುಂಪಿಗೆ ಸೇರುತ್ತವೆ. ಅಮೆರಿಕದವರು ಯು ಬಿಟ್ಟು ಬರೆಯುವುದರಿಂದ ಅಲ್ಲಿ ಸೇರುವುದಿಲ್ಲ.

ಈಗ ನನ್ನ ಪ್ರಶ್ನೆ. ಅದೇ ಐದು ಅಕ್ಷರಗಳು ಎ, ಇ, ಐ, ಓ, ಯು ಎಂಬ ಕ್ರಮದಲ್ಲಿಯೇ, ಒಂದೊಂದೇ ಸಲ ಬರುವ ಪದಗಳೆಂದರೆ ಎಲ್ಲರೂ ಫೆಸೀಷಿಯಸ್, ಆಬ್‌ಸ್ಟೀಮಿಯಸ್ ಎರಡನ್ನು ಹೇಳುತ್ತಾರೆ. ರಸಾಯನಶಾಸ್ತ್ರದ ಆರ್ಸೀನಿಯಸ್ ಮೂರನೆಯದು. ಕ್ರಮವನ್ನು ತಿರುಗಿಸಿದರೆ ಸಬ್‌ಕಾಂಟಿನೆಂಟಲ್ ಸಿಗುತ್ತದೆ. ಮೊದಲಿನ ಮೂರನ್ನೂ ಗಮನಿಸಿದರೆ, ಐ, ಓ, ಯು ಮೂರನ್ನು ಕೊನೆಯ ಪ್ರತ್ಯಯವೇ ಒದಗಿಸುತ್ತಿದ್ದು, ಪದದ ಮೈಯಲ್ಲಿ ಎ ಮತ್ತು ಇ ಇದ್ದರೆ ಸಾಕಾಗಿದೆ. ಆ ಪ್ರತ್ಯಯದ ನೆರವಿಲ್ಲದೆ ಇದೇ ಕ್ರಮವನ್ನು ಪಾಲಿಸುವ, ದಿನಬಳಕೆಯ ಬರಹದಲ್ಲಿ ಕಾಣುವ ಇಂಗ್ಲಿಷ್ ಪದ ಯಾವುದಾದರೂ ಇದೆಯೆ? ನಡುವೆ ಎಷ್ಟು ವ್ಯಂಜನಗಳಾದರೂ ಇರಬಹುದು, ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ ಎರಡೂ ಆಗಬಹುದು, ಆದರೆ ಊರು ಮತ್ತು ವ್ಯಕ್ತಿಗಳ ಹೆಸರುಗಳು ಬೇಡ. ಬಲ್ಲವರು ಪದದ ಜೊತೆಗೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ದಯವಿಟ್ಟು ತಿಳಿಸಬೇಕು.